ವಾರಸುದಾರರಿಲ್ಲದ ಅಬ್ಬರ

ಹೋದ ಯುಗಾದಿಗೆ ಅಟ್ಟ ಗುಡಿಸುವಾಗ ತಗಡಿನ ಟ್ರಂಕೊಂದು ಕೆಳಗಿಳಿಯಿತು. ಒಳಗೆ ಹಳೇ ಪಂಚಾಂಗಗಳು, ರೇಷ್ಮೆಗೂಡು ಮಾರಿದ ಚೀಟಿಗಳ ಕಟ್ಟು, ಕೆಟ್ಟುಹೋದ ಟಾರ್ಚು, ಎಲ್ಲದರ ಅಡಿಯಲ್ಲಿ ಒಂದು ಕ್ಯಾಸೆಟ್ಟು. ಅರವತ್ತು ನಿಮಿಷದ್ದು. ಅದರ ಹಿಂಬದಿಯ ಎರಡೂ ತೂತಿಗೆ ಸೆಲ್ಲೋಟೇಪು ಅಂಟಿಸಿತ್ತು. ಕ್ಯಾಸೆಟ್ಟಿನ ಕಾಲ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯಾರೂ ಅಳಿಸದಿರಲಿ ಅಂತ ಕಂಪನಿಯವರು ಕಿವಿ ಮುರಿದು ಕಳಿಸಿರುತ್ತಾರೆ. ಆ ತೂತು ಮುಚ್ಚಿಬಿಟ್ಟರೆ ಅದರ ಮೇಲೆ ಏನು ಬೇಕಾದರೂ ತುಂಬಿಕೊಳ್ಳಬಹುದು. ಅಮ್ಮನ 'ಸತ್ಯ ಹರಿಶ್ಚಂದ್ರ' ಹರಿಕಥೆಯ ಮೇಲೆ ನಾನು ತುಂಬಿಕೊಂಡಿದ್ದೆ. ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು ಇನ್ನೂ ಓದಲು ಬರುತ್ತಿತ್ತು: ಡೈಯಿಂಗ್ ಎಂಬ್ರೇಸ್, ಬೆಂಗಳೂರು.

"ನಿಂದು ಆ ದೆವ್ವದ ಕ್ಯಾಸೆಟ್ಟು ಇನ್ನಾ ಐತೇನೋ?" ಅಂದರು ಅಮ್ಮ. ಇಪ್ಪತ್ತೈದು ವರ್ಷ ಕಳೆದರೂ ಹರಿಕಥೆ ಹೋದ ಸಿಟ್ಟು ಇಳಿದಿಲ್ಲ.

ಕೋಲಾರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೂ ಟೇಪ್ ರೆಕಾರ್ಡರ್ ರಿಪೇರಿ ಮಾಡುವವರೊಬ್ಬರು ಸಿಕ್ಕರು. ಬೆಲ್ಟು ಬದಲಾಯಿಸಿ ಕೊಟ್ಟರು. ಹಾಕಿ ನೋಡಿದೆ. ಮೊದಲು ಸುಮ್ಮನೆ ಸುರ್ ಎನ್ನುವ ಸದ್ದು, ಆಮೇಲೆ ಕೆಸರಿನೊಳಗಿಂದ ಎದ್ದು ಬರುವಂಥ ಗಿಟಾರು, ಅದರ ಹಿಂದೆ ಮನುಷ್ಯನದೋ ಮೃಗದ್ದೋ ಎನ್ನಿಸುವ ಗಂಟಲು. ಹೀಗೆ ಒಂದಷ್ಟು ಹಾಡು. ಆ ಬದಿ ಮುಗಿಯುವ ಮೊದಲೇ ಹಾಡುಗಳು ಮುಗಿದುಹೋದವು. ಟಕ್ ಅಂದಿತು. ಕೂಡಲೇ ಹಾರ್ಮೋನಿಯಂ. ಸ್ಮಶಾನ ಕಾಯುತ್ತಿರುವ ಹರಿಶ್ಚಂದ್ರ ಮಗನ ಹೆಣ ತಂದ ಚಂದ್ರಮತಿಯನ್ನು ಅಡ್ಡಗಟ್ಟಿ ಸುಂಕ ಕೇಳುತ್ತಿದ್ದಾನೆ. ದಾಸರ ಗಂಟಲೂ ಅಷ್ಟೇ ಒರಟಾಗಿತ್ತು.

ತುಂಬಿಸಿದ್ದು ಗಿಡ್ಡವಾದದ್ದರಿಂದ ಅಳಿಸಿದ್ದು ಉಳಿಯಿತು. ಈ ಬರಹ ಆ ಗಿಡ್ಡದರ ಬಗ್ಗೆ.

ಡೈಯಿಂಗ್ ಎಂಬ್ರೇಸ್ 1991ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತಂಡ. ಗಿಟಾರ್ ಹಿಡಿದು ಕಟ್ಟಿದವರು ಜಿಮ್ಮಿ ಪಾಲ್ಖಿವಾಲಾ, ಗಂಟಲು ವಿಕ್ರಮ್ ಭಟ್ ಅವರದು. ಡೆತ್ ಮೆಟಲ್‌ನ ಒರಟುತನಕ್ಕೆ ಡೂಮ್ ಎಂದು ಕರೆಯುವ ನಿಧಾನ ನಡೆಯನ್ನು ಬೆರೆಸಿ ನುಡಿಸುತ್ತಿದ್ದರು. ನಮ್ಮ ದೇಶದಲ್ಲಿ ಆ ದಾರಿ ಹಿಡಿದ ಮೊದಲಿಗರಲ್ಲಿ ಅವರೂ ಇದ್ದಾರೆ. ತೊಂಬತ್ತರ ದಶಕದ ಕೊನೆಗೆ 'ಗ್ರೋಟೆಸ್ಕ್ ಎಂಟಿಟಿ' ಬಂತು, ಅದರ ಹಿಂದೆಯೇ 'ಸೆರನೇಡ್ಸ್ ಆಫ್ ಡಿಪ್ರಾವಿಟಿ'. ಹೊಸ ಶತಮಾನ ಕಣ್ಣು ಬಿಡುವ ಹೊತ್ತಿಗೆ ತಂಡವೇ ಇರಲಿಲ್ಲ. ಹತ್ತು ವರ್ಷ ಬಡಿದದ್ದಕ್ಕೆ ಲೆಕ್ಕಕ್ಕೆ ಸಿಗುವ ಫಸಲು ಅಷ್ಟೇ. ಮಾವಿನ ಸೀಮೆಯ ಶ್ರೀನಿವಾಸಪುರದವರು ಇಂಥ ಮರವನ್ನು ನೋಡಿದರೆ ಕಡಿದು ಸೌದೆ ಮಾಡಿ ಅನ್ನುತ್ತಾರೇನೋ. ನಾನು ಹಾಗನ್ನಲಾರೆ. ಡೆತ್ ಮೆಟಲ್‌ನಲ್ಲಿ ಕಡಿಮೆ ಬಿಟ್ಟವರನ್ನು ಹಾಗೆ ಅಳೆಯುವಂತಿಲ್ಲ.

ಆ ಜಾತಿಯ ಸಂಗೀತದ ಚರಿತ್ರೆಯೇ ಗಿಡ್ಡ ದಾಖಲೆಗಳ ಚರಿತ್ರೆ. ಹೆಸರು ಎಲ್ಲಿಂದ ಬಂತು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಪೊಸೆಸ್ಡ್ ಎಂಬ ತಂಡ ಕಟ್ಟಿದ್ದ ಹುಡುಗರು ಇನ್ನೂ ಹೈಸ್ಕೂಲು ಮುಗಿಸಿರಲಿಲ್ಲ. 1985ರಲ್ಲಿ ಈಸ್ಟರ್ ರಜೆ ಸಿಕ್ಕಿತು ಅಂತ ಸ್ಟುಡಿಯೋಕ್ಕೆ ಹೋಗಿ 'ಸೆವೆನ್ ಚರ್ಚಸ್' ರೆಕಾರ್ಡ್ ಮಾಡಿದರು. ಅದರ ಕೊನೆಯ ಹಾಡಿನ ಹೆಸರೇ 'ಡೆತ್ ಮೆಟಲ್'. ಎರಡು ವರ್ಷದೊಳಗೆ ಇನ್ನೊಂದು ಆಲ್ಬಂ, ಅದಾದ ಮೇಲೆ 1987ರಲ್ಲಿ ಐದೇ ಹಾಡಿನ 'ದಿ ಐಸ್ ಆಫ್ ಹಾರರ್'. ಅದನ್ನು ರೂಪಿಸಿಕೊಟ್ಟವರು ಜೋ ಸ್ಯಾಟ್ರಿಯಾನಿ. ಗಿಟಾರ್ ಕಲಿಯುವ ಹುಡುಗರೆಲ್ಲ ಗೋಡೆಗೆ ಅಂಟಿಸಿಕೊಳ್ಳುವ ಅದೇ ಸ್ಯಾಟ್ರಿಯಾನಿ. ಪೊಸೆಸ್ಡ್‌ನ ಗಿಟಾರಿಸ್ಟ್ ಲ್ಯಾರಿ ಲಲಾಂಡ್‌ಗೆ ಅವರು ಮೇಷ್ಟ್ರಾಗಿದ್ದರು, ಶಿಷ್ಯನ ತಂಡಕ್ಕೆ ಕೈ ಹಚ್ಚಿದರು. ಆ ರೆಕಾರ್ಡು ಬಂದ ವರ್ಷವೇ ತಂಡ ಒಡೆಯಿತು. ಲಲಾಂಡ್ ಮುಂದೆ ಪ್ರೈಮಸ್ ಸೇರಿದ. ಹಾಡುತ್ತಿದ್ದ ಜೆಫ್ ಬೆಸೆರಾಗೆ 1989ರಲ್ಲಿ ದರೋಡೆಕೋರರು ಗುಂಡು ಹಾರಿಸಿದರು. ಎದೆಯಿಂದ ಕೆಳಗೆ ಮೈ ಸ್ವಾಧೀನ ತಪ್ಪಿತು. 2007ರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಆ ಹೆಸರಿಗೆ ಮತ್ತೆ ಜೀವ ಕೊಟ್ಟ, 2019ರಲ್ಲಿ ಹೊಸ ಆಲ್ಬಂ ತಂದ. ನಡುವೆ ಕಳೆದದ್ದು ಮೂವತ್ತೆರಡು ವರ್ಷ. ಅಷ್ಟೂ ವರ್ಷ ಆ ತಂಡವನ್ನು ಬದುಕಿಸಿದ್ದು ಎರಡು ಆಲ್ಬಂ ಮತ್ತು ಐದು ಹಾಡು.

ಸ್ವೀಡನ್ನಿನ ನಿಹಿಲಿಸ್ಟ್‌ನದು ಇನ್ನೂ ತಮಾಷೆ. ಕೆಲವು ಡೆಮೊ ಬಿಟ್ಟರೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಬೇಸ್ ನುಡಿಸುವವನನ್ನು ಬಿಡಬೇಕಿತ್ತು, ಮುಖ ಕೊಟ್ಟು ಹೇಳಲು ಯಾರಿಗೂ ಧೈರ್ಯವಿಲ್ಲ. 1989ರಲ್ಲಿ ತಂಡವನ್ನೇ ಮುಚ್ಚಿದರು, ಕೆಲವೇ ದಿನಗಳಲ್ಲಿ ಅವನೊಬ್ಬನನ್ನು ಬಿಟ್ಟು ಎಂಟೂಂಬ್ಡ್ ಅಂತ ಹೊಸ ಬೋರ್ಡು ಹಾಕಿದರು. ನಮ್ಮ ಕಡೆ ಗಣೇಶೋತ್ಸವ ಸಮಿತಿಗಳು ವರ್ಷ ಬಿಟ್ಟು ವರ್ಷ ಹೆಸರು ಬದಲಿಸುವುದೂ ಇದೇ ಕಾರಣಕ್ಕೆ, ಅದಕ್ಕೆ ಸ್ಟಾಕ್‌ಹೋಮಿನವರೆಗೆ ಹೋಗಬೇಕಾಗಿಲ್ಲ. ಹೊರಬಿದ್ದವನು ಸುಮ್ಮನಿರಲಿಲ್ಲ, ಅನ್‌ಲೀಶ್ಡ್ ಕಟ್ಟಿದ. ಒಂದು ಜಗಳದಿಂದ ಎರಡು ಒಳ್ಳೆಯ ತಂಡ.

ಇನ್ನು ಉದ್ದದ ಮಾತು. ಸ್ಲೇಯರ್‌ನ 'ರೇನ್ ಇನ್ ಬ್ಲಡ್' 1986ರದು, ಡೆತ್ ಮೆಟಲ್‌ನ ಹುಡುಗರೆಲ್ಲ ಬಾಯಿಪಾಠ ಮಾಡಿದ ಆಲ್ಬಂ. ಪೂರ್ತಿ ಕೇಳಿದರೂ ಇಪ್ಪತ್ತೊಂಬತ್ತು ನಿಮಿಷ. ಕ್ಯಾಸೆಟ್ಟಿನ ಒಂದೇ ಬದಿಯಲ್ಲಿ ಇಡೀ ಆಲ್ಬಂ ಹಿಡಿಸಿದ್ದರಿಂದ ಕಂಪನಿಯವರು ಎರಡೂ ಬದಿಗೆ ಅದನ್ನೇ ತುಂಬಿ ಮಾರಿದರು. ನೇಪಾಮ್ ಡೆತ್‌ನ 'ಯು ಸಫರ್' ಹಾಡು ಒಂದೂಕಾಲು ಸೆಕೆಂಡು ಚಿಲ್ಲರೆ, ಸೀನುವಷ್ಟರಲ್ಲಿ ಮುಗಿದಿರುತ್ತದೆ. ಜಗತ್ತಿನ ಅತಿ ಚಿಕ್ಕ ಹಾಡೆಂದು ಗಿನ್ನೆಸ್ ಪುಸ್ತಕ ಸೇರಿದೆ. ಚಿಕ್ಕದೆಂದರೆ ಕಡಿಮೆಯದಲ್ಲ ಅಂತ ಮಾಲೂರು ತಾಲ್ಲೂಕಿನವರಿಗೆ ನಾನು ಹೇಳುವುದು ಅಧಿಕಪ್ರಸಂಗವಾದೀತು. ಸಣ್ಣಕತೆಗಳ ಮಾಸ್ತಿ ಅವರ ಮಣ್ಣಿನವರು. ಮುಳಬಾಗಿಲಿನವರಿಗಂತೂ ಡಿ.ವಿ.ಜಿ. ಇದ್ದಾರೆ. ಹುಟ್ಟು ಸಾವು ಎರಡನ್ನೂ ನಾಲ್ಕು ಸಾಲಿನೊಳಗೆ ಕೂರಿಸಿ ಎದ್ದವರು.

ಈ ಸಂಗೀತ ಕಿವಿಗೆ ಬಿದ್ದ ಕೂಡಲೇ 'ಇದೇನು ಕಿರುಚಾಟ' ಅನ್ನುವವರಿಗೆ ನಾನು ಜಗಳ ಕಾಯುವುದಿಲ್ಲ. ಮೊದಲ ಸಲ ನನಗೂ ಹಾಗೇ ಆಗಿತ್ತು. ಆದರೆ ಅದು ಹೇಗೆ ಹೊರಡುತ್ತದೆ ಅಂತ ತಿಳಿದರೆ ಕೇಳುವ ಬಗೆ ಬದಲಾಗುತ್ತದೆ. ಗಂಟಲಲ್ಲಿ ಮಾತಿಗೆ ಬಳಸುವ ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ನುಂಗುವಾಗ ಉಸಿರುದಾರಿ ಮುಚ್ಚಲು ನೆರವಾಗುವಂಥವು, ಮಾತಾಡುವಾಗ ಸುಮ್ಮನಿರುತ್ತವೆ. ಹೊಟ್ಟೆಯಿಂದ ಉಸಿರು ತಳ್ಳಿ ಆ ಮಡಿಕೆಗಳನ್ನು ಅದುರಿಸಿದರೆ ಬರುವುದೇ ಗ್ರೌಲ್. ಗಂಟಲು ಹರಿದುಕೊಂಡು ಕೂಗುವವರು ವಾರದಲ್ಲಿ ದನಿ ಕಳೆದುಕೊಳ್ಳುತ್ತಾರೆ, ಕಲಿತವರು ಇಪ್ಪತ್ತು ವರ್ಷ ಹಾಡುತ್ತಾರೆ. ನಮ್ಮ ಕಡೆಯ ಕೇಳಿಕೆ ಆಟದಲ್ಲಿ ರಕ್ಕಸನ ಪಾತ್ರ ಪರದೆ ಹಿಂದಿನಿಂದಲೇ ಅಬ್ಬರ ಕೊಡುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಮುಖ ಕಾಣುವ ಮೊದಲೇ ಗಂಟಲು ರಂಗಕ್ಕೆ ಬರಬೇಕು, ಮುಂದೆ ಕೂತ ಮಕ್ಕಳು ಅಮ್ಮನ ಸೆರಗಿಗೆ ಓಡಬೇಕು. ಇಲ್ಲಿಯೂ ಅದೇ.

ಡ್ರಮ್ಮಿನ ವಿಷಯಕ್ಕೆ ಬಂದರೆ ಕೋಲಾರದ ಸೀಮೆಯವನಾದ ನನಗೆ ಒಂದು ಹೆಚ್ಚಿನ ಲಾಭವಿತ್ತು. ಹುಟ್ಟಿದಾಗಿನಿಂದ ತಮಟೆ ಕೇಳಿದ ಕಿವಿ. ಹೆಣ ಎತ್ತುವ ದಿನ ಬೆಳಿಗ್ಗೆ ಹುಲ್ಲು ಹೊತ್ತಿಸಿ ತಮಟೆ ಕಾಯಿಸುತ್ತಾರೆ. ಚರ್ಮ ಬಿಗಿಯಾಯಿತೋ ಇಲ್ಲವೋ ಅಂತ ಬೆರಳಲ್ಲಿ ಟಣ್ ಅನ್ನಿಸಿ ನೋಡುತ್ತಾರೆ, ಸಾಲದಿದ್ದರೆ ಮತ್ತೆ ಬೆಂಕಿಗೆ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಬಳುಕುವ ತೆಳ್ಳನೆಯ ಕಡ್ಡಿ. ದಪ್ಪದ್ದು ಪೆಟ್ಟು ಕೊಡುತ್ತದೆ, ತೆಳ್ಳಗಿನದು ಪೆಟ್ಟುಗಳ ನಡುವಿನ ಜಾಗವನ್ನು ತುಂಬುತ್ತಾ ಹೋಗುತ್ತದೆ. ಜಾತ್ರೆಯ ಪೆಟ್ಟೇ ಬೇರೆ, ಹೆಣದ ಮುಂದಿನ ಪೆಟ್ಟೇ ಬೇರೆ. ಮನೆಯೊಳಗಿದ್ದುಕೊಂಡೇ ಬೀದಿಯಲ್ಲಿ ಹೋಗುತ್ತಿರುವುದು ಉತ್ಸವವೋ ಚಟ್ಟವೋ ಅಂತ ಹೇಳಬಹುದಿತ್ತು. ಡೆತ್ ಮೆಟಲ್‌ನ ಬ್ಲಾಸ್ಟ್ ಬೀಟ್ ಎಂಬ ಬಿರುಸಿನ ಬಡಿತ ಮೊದಲ ಸಲ ಕೇಳಿದಾಗ ಹಾಸ್ಟೆಲಿನ ಗೆಳೆಯರು ಮಷಿನ್ ಗನ್ ಅಂದರು. ನನಗೆ ನೆನಪಾದದ್ದು ಊರಾಚೆಯ ತೋಪಿಗೆ ಹೆಣ ತಿರುಗುವ ಜಾಗ. ಅಲ್ಲಿ ತಮಟೆಯವರು ವೇಗ ಏರಿಸುತ್ತಾರೆ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಬೆಂಗಳೂರಿನ ಹುಡುಗರು ಸಾವನ್ನು ತಾವಾಗಿ ಆರಿಸಿಕೊಂಡು ಹಾಡಿದರು. ತಮಟೆಯವರಿಗೆ ಆ ಆಯ್ಕೆ ಇರಲಿಲ್ಲ. ಸತ್ತವರು ಯಾರೇ ಆಗಲಿ, ಹೋಗಿ ಬಡಿಯುವುದು ಬಿಟ್ಟಿ ಚಾಕರಿ, ಬಡಿಯುವುದಿಲ್ಲ ಅಂದರೆ ಊರಿನಲ್ಲಿ ರಗಳೆ. ಈ ಭಾಗದಲ್ಲಿ ದಲಿತ ಸಂಘರ್ಷ ಸಮಿತಿ ಬೇರೂರಿದ ಮೇಲೆ ಎಷ್ಟೋ ಕೇರಿಗಳಲ್ಲಿ ಹೆಣದ ಮುಂದೆ ತಮಟೆ ಹಿಡಿಯುವುದನ್ನು ಬಿಟ್ಟರು. ಆಮೇಲೆ ಅದೇ ತಮಟೆಯನ್ನು ಮೆರವಣಿಗೆಯ ಮುಂದೆ, ತಮ್ಮ ಹಾಡಿನ ಜೊತೆಗೆ, ತಲೆಯೆತ್ತಿ ಬಡಿದರು. ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿಯ ಬಳಿ ಆದಿಮ ಎಂಬ ಕೇಂದ್ರ ಕಟ್ಟಿ, ಹುಣ್ಣಿಮೆ ರಾತ್ರಿಗಳಲ್ಲಿ ಹಾಡು ನಾಟಕ ಆಡಿಸಿದ್ದು ಆ ಬೇರಿನಿಂದಲೇ.

ಮೆಟಲ್‌ನ ಹುಟ್ಟಿನಲ್ಲಿಯೂ ಕೂಲಿಯವರ ಕೈ ಇದೆ, ಅಕ್ಷರಶಃ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡು ಒತ್ತುವ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಅವತ್ತು ಕೆಲಸದ ಕಡೇ ದಿನ. ಪ್ರೆಸ್ಸಿಗೆ ಬಲಗೈ ಸಿಕ್ಕಿ ಎರಡು ಬೆರಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವ ಬೆರಳುಗಳೇ ಅವು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳ್ಳನೆಯ ತಂತಿ ಹಾಕಿದ, ಮುಂದೆ ನೋವು ತಗ್ಗಲೆಂದು ತಂತಿಗಳನ್ನು ಸಡಿಲ ಬಿಟ್ಟು ಶ್ರುತಿ ಇಳಿಸಿದ. ಹೀಗೆ ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಆ ಭಾರದ ನಾದ ಬಂತು. 1970ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಬಹುಪಾಲು ಒಂದೇ ದಿನದಲ್ಲಿ ರೆಕಾರ್ಡ್ ಆಗಿತ್ತು. ಡೈಯಿಂಗ್ ಎಂಬ್ರೇಸ್‌ನ ನಿಧಾನ ನಡೆ ಆ ಮನೆತನದ್ದು.

ಇವತ್ತು ಮಾಲೂರು, ನರಸಾಪುರ, ವೇಮಗಲ್ ಸುತ್ತ ಅಂಥ ಪ್ರೆಸ್ ಶಾಪುಗಳು ಎಷ್ಟಿವೆ! ಮೂರು ಪಾಳಿಯಲ್ಲಿ ಹುಡುಗರು ದುಡಿಯುತ್ತಾರೆ. ಬೆರಳು ಕಳೆದುಕೊಂಡವರೂ ನಮ್ಮ ಬೀದಿಗಳಲ್ಲಿ ಸಿಗುತ್ತಾರೆ. ಆದರೆ ಮೆಟಲ್ ಇತ್ತ ಬರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಇಂಗ್ಲಿಷ್ ಶಾಲೆಗಳಲ್ಲಿ, ಕಾನ್ವೆಂಟ್ ಓದಿದವರ ಮನೆಗಳಲ್ಲಿ ಅದು ಬೆಳೆಯಿತು. ಮಾರಿಕುಪ್ಪಂ ಕಡೆಯ ರೈಲು ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ದಿನಾ ಸಾವಿರಾರು ಜನರನ್ನು ಬೆಂಗಳೂರಿಗೆ ಇಳಿಸಿ ಸಂಜೆ ವಾಪಸು ತರುತ್ತದೆ. ಎಪ್ಪತ್ತು ಕಿಲೋಮೀಟರ್ ಆಚೆ ಈ ಸಂಗೀತ ಬರಲು ಆ ರೈಲು ಸಾಕಾಗಲಿಲ್ಲ. ಗಿಟಾರಿನ ಬೆಲೆ ಒಂದು ಕಾರಣ, ಹಾಡಿನ ಭಾಷೆ ಇನ್ನೊಂದು. ಬೆಂಗಳೂರಿನ ಮೆಟಲ್ ತಂಡಗಳು ಬಹುಪಾಲು ಇಂಗ್ಲಿಷಿನಲ್ಲೇ ಬರೆದವು. ಗ್ರೌಲಿನಲ್ಲಿ ಇಂಗ್ಲಿಷೂ ಅರ್ಥವಾಗುವುದಿಲ್ಲ, ಕನ್ನಡವೂ ಆಗುತ್ತಿರಲಿಲ್ಲ, ಅದು ಬೇರೆ ಮಾತು. ಆದರೂ ಕೇಳುವವನಿಗೆ ತನ್ನದು ಅನ್ನಿಸಲು ಒಂದು ಪದವಾದರೂ ಬೇಕಾಗುತ್ತದೆ. ಇದು ಆ ಹುಡುಗರ ಮೇಲಿನ ದೂರಲ್ಲ. ಅವರು ತಮಗೆ ಬಂದ ಭಾಷೆಯಲ್ಲಿ ಹಾಡಿದರು. ನಮ್ಮ ಕಡೆಯವರು ಒಂದು ಹೆಜ್ಜೆ ಅತ್ತ ಇಡಲಿಲ್ಲ ಅನ್ನುವ ಹಳಹಳಿ ನನ್ನದು.

ನನ್ನ ಕೈಗೆ ಆ ಕ್ಯಾಸೆಟ್ಟು ಬಂದದ್ದು ಹಾಸ್ಟೆಲಿನಲ್ಲಿ. ಗೆಳೆಯನ ಗೆಳೆಯನಿಂದ ಬಂದ ನಕಲಿನ ನಕಲು. ಆ ಕಾಲದಲ್ಲಿ ಡೆತ್ ಮೆಟಲ್ ಸಾಗಿದ ದಾರಿಯೇ ಹಾಗೆ. ಅಮೆರಿಕದ ಫ್ಲಾರಿಡಾದಿಂದ ಬ್ರೆಜಿಲ್‌ವರೆಗೆ, ಅಲ್ಲಿಂದ ನಾರ್ವೆಗೆ, ಅಂಚೆ ಲಕೋಟೆಯಲ್ಲಿ ಡೆಮೊ ಕ್ಯಾಸೆಟ್ಟುಗಳು ಓಡಾಡುತ್ತಿದ್ದವು. ಸ್ಟಾಂಪಿನ ಮೇಲೆ ಸೋಪು ಸವರಿ ಕಳಿಸುವುದು, ಮುದ್ರೆಯನ್ನು ಒರೆಸಿ ಅದೇ ಸ್ಟಾಂಪನ್ನು ಮತ್ತೆ ಬಳಸುವುದು, ಇವೆಲ್ಲ ಆ ಲೋಕದ ಎಲ್ಲರಿಗೂ ಗೊತ್ತಿದ್ದ ಕಳ್ಳಾಟ. ಪ್ರತಿ ನಕಲಿಗೂ ಸುರ್ ಎನ್ನುವ ಸದ್ದು ಒಂದು ಪದರ ಹೆಚ್ಚುತ್ತಿತ್ತು. ನನಗೆ ಸಿಕ್ಕ ಹೊತ್ತಿಗೆ ಗಿಟಾರಿಗಿಂತ ಸುರ್ ಸದ್ದೇ ಮುಂದಿತ್ತು. ಈಗಲೂ ಶುದ್ಧವಾದ ಪ್ರತಿ ಕೇಳಿದರೆ ಏನೋ ಕಮ್ಮಿ ಅನ್ನಿಸುತ್ತದೆ.

ತಂಡಗಳು ಯಾಕೆ ಒಡೆಯುತ್ತವೆ? ದೊಡ್ಡ ಕಾರಣ ಹುಡುಕುವವರಿಗೆ ನಿರಾಸೆಯಾಗುತ್ತದೆ. ಬೆಂಗಳೂರಿನಲ್ಲಿ ಗಿಟಾರಿಸ್ಟರು ಕಾಲೇಜಿಗೆ ಹತ್ತು ಜನ ಸಿಗುತ್ತಿದ್ದರು. ಎರಡೂ ಕಾಲಲ್ಲಿ ಡಬಲ್ ಬೇಸ್ ಪೆಡಲ್ ಓಡಿಸುವ ಡ್ರಮ್ಮರು ಊರಿಗೆ ಬೆರಳೆಣಿಕೆ. ಅವನೊಬ್ಬ ಕೈಕೊಟ್ಟರೆ ಮುಗಿಯಿತು. ಡ್ರಮ್ ಇಟ್ಟುಕೊಳ್ಳಲು ಅಕ್ಕಪಕ್ಕದವರು ಬಿಡುವಂಥ ಮನೆ ಬೇಕು, ಅಂಥ ಮನೆ ಬಾಡಿಗೆಗೆ ಸಿಗುವುದಿಲ್ಲ. ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್‌ನಂಥ ಸ್ಪರ್ಧೆಗಳು ವರ್ಷಕ್ಕೊಮ್ಮೆ ವೇದಿಕೆ ಕೊಡುತ್ತಿದ್ದವು, ಉಳಿದ ದಿನ ಪಬ್ಬಿನವರನ್ನು ಕಾಡಿ ಬೇಡಬೇಕು. ಆಡಿದ ಆಟಕ್ಕೆ ಸಿಗುವ ದುಡ್ಡು ಆಟೋ ಬಾಡಿಗೆಗೂ ಸಾಲದು. ಇದೇ ಹೊತ್ತಿಗೆ ಸಾಫ್ಟ್‌ವೇರ್ ಬಂತು. ಇಪ್ಪತ್ತೆರಡರ ಹುಡುಗನಿಗೆ ಅಪ್ಪನ ನಿವೃತ್ತಿಯ ಸಂಬಳಕ್ಕಿಂತ ದೊಡ್ಡ ಸಂಬಳ, ಮೇಲೆ ವೀಸಾ. ಗಿಟಾರಿನ ಯಾವ ರಿಫ್ ಅದನ್ನು ತಡೆದೀತು? ಬೆಂಗಳೂರಿನ ಎಷ್ಟೋ ತಂಡಗಳು ಜಗಳವಾಡಿ ಒಡೆಯಲಿಲ್ಲ, ವಿಮಾನ ನಿಲ್ದಾಣದಲ್ಲಿ ಕೈಬೀಸಿ ಒಡೆದವು.

ಬೆಂಗಳೂರಿನಲ್ಲಿ ತಂಡಗಳು ಹೀಗೆ ಒಡೆಯುತ್ತಿದ್ದ ಹೊತ್ತಿನ 2001 ನಮ್ಮ ಜಿಲ್ಲೆಗೂ ಮುಗಿಯುವ ವರ್ಷ. ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿ ಮುಚ್ಚಿತು. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಾಗಿನಿಂದ ಅಗೆದದ್ದು ಮೂರು ಕಿಲೋಮೀಟರಿಗೂ ಆಳ. ಒಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳಲ್ಲಿ ಪಾತ್ರೆ ಬೀಳುತ್ತಿದ್ದವು. ಆ ಸಿಡಿತಕ್ಕೆ ಗಣಿಯವರ ಇಂಗ್ಲಿಷ್ ಹೆಸರು ರಾಕ್ ಬರ್ಸ್ಟ್. ಒಂದು ಮೆಟಲ್ ತಂಡಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಯಾರೂ ಇಟ್ಟುಕೊಳ್ಳಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಸಂಕಟ. ಅದೇ ವರ್ಷ ಡಿಸೆಂಬರ್ 13ರಂದು ಡೆತ್ ತಂಡದ ಚಕ್ ಶುಲ್ಡಿನರ್ ಮಿದುಳಿನ ಗಡ್ಡೆಯಿಂದ ತೀರಿಕೊಂಡ. ಈ ಸಂಗೀತಕ್ಕೆ ರೂಪ ಕೊಟ್ಟವರಲ್ಲಿ ಮೊದಲ ಹೆಸರು ಅವನದು, ಬದುಕಿದ್ದು ಮೂವತ್ತನಾಲ್ಕು ವರ್ಷ.

ಡೈಯಿಂಗ್ ಎಂಬ್ರೇಸ್ ಸುಮ್ಮನಿದ್ದ ಆ ಹತ್ತು ವರ್ಷದಲ್ಲಿ ಬೆಂಗಳೂರು ಬದಲಾಯಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದರು. ಭಾರತದಲ್ಲಿ ಅಷ್ಟು ದೊಡ್ಡ ಮೆಟಲ್ ಕಛೇರಿ ಅದೇ ಮೊದಲು. ಈಶಾನ್ಯ ರಾಜ್ಯಗಳಿಂದ ದಿನಗಟ್ಟಲೆ ರೈಲಿನಲ್ಲಿ ಕೂತು ಬಂದವರಿದ್ದರು. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನಕ್ಕೆ ಮೆಟಾಲಿಕ. ಎರಡು ದಿನ ಮೊದಲು ಗುರ್‌ಗಾಂವ್‌ನ ಆಟ ರದ್ದಾಗಿ ಅಲ್ಲಿ ದೊಡ್ಡ ಗಲಾಟೆಯಾಗಿತ್ತು. ಬೆಂಗಳೂರಿನಲ್ಲಿ ಅವರ ಮುಂಚೆ ವೇದಿಕೆ ಹತ್ತಿದವರಲ್ಲಿ ಅದೇ ಊರಿನ ಇನ್ನರ್ ಸ್ಯಾಂಕ್ಟಮ್ ಇದ್ದರು. 2012ರಿಂದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಜಾತ್ರೆ ಶುರುವಾಯಿತು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಒಡೆಯದೆ ಉಳಿದು 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿ ಬಂದರು. ಕ್ರಿಪ್ಟೋಸ್‌ಗೆ ನನ್ನ ನಮಸ್ಕಾರವಿದೆ. ಇಪ್ಪತ್ತೈದು ವರ್ಷ ತಂಡ ನಡೆಸುವುದು ಕೂಡು ಕುಟುಂಬ ನಡೆಸಿದ ಹಾಗೆ. ಮೈಂಡ್‌ಸ್ನೇರ್‌ನವರನ್ನೂ ನೆನೆಯಬೇಕು. ಲೆಕ್ಕಾಚಾರದ ಡೆತ್ ಮೆಟಲ್ ಅವರದು, ಡ್ರಮ್ ಹಿಂದೆ ಕೂತವರು ಯಾಸ್ಮಿನ್ ಕ್ಲೇರ್. ಹುಡುಗಿಯರು ಮುಂದಿನ ಸಾಲಿನಲ್ಲಿ ನಿಲ್ಲಲೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಬಡಿಯುತ್ತಿದ್ದ ಬಗೆ ಕಂಡವರು ಮರೆತಿಲ್ಲ.

2011ರಲ್ಲೇ ಇನ್ನೊಂದು ನಡೆಯಿತು, ಮೆಟಾಲಿಕದ ಸದ್ದಿನಲ್ಲಿ ಪತ್ರಿಕೆಗಳಿಗೆ ಅದು ಕೇಳಿಸಲಿಲ್ಲ. ಬೆಂಗಳೂರಿನ ಟ್ರೆಂಡ್‌ಸ್ಲಾಟರ್ ಫೆಸ್ಟ್‌ನಲ್ಲಿ ಡೈಯಿಂಗ್ ಎಂಬ್ರೇಸ್ ಮತ್ತೆ ವೇದಿಕೆ ಹತ್ತಿತು. ತೊಂಬತ್ತರ ದಶಕದ ರೆಕಾರ್ಡುಗಳನ್ನೆಲ್ಲ ಒಂದೆಡೆ ಸೇರಿಸಿದ 'ಎರಾ ಆಫ್ ಟ್ರಿಬ್ಯುಲೇಷನ್' ಅದೇ ವರ್ಷ ಹೊರಬಂತು. ಹತ್ತು ವರ್ಷದ ದುಡಿಮೆಯೆಲ್ಲ ಒಂದೇ ಡಿಸ್ಕಿನಲ್ಲಿ. ಸುರ್ ಸದ್ದಿನೊಳಗೆ ಮುಳುಗಿಹೋಗಿದ್ದ ಎಷ್ಟೋ ಸಂಗತಿ ನನಗೆ ಆಗ ಮೊದಲ ಸಲ ಕೇಳಿಸಿತು. ಸಣ್ಣ ಸ್ಟುಡಿಯೋ, ಕಡಿಮೆ ದುಡ್ಡು, ಕೆಲವೆಡೆ ತಾಳ ಜಗ್ಗುತ್ತದೆ, ಡ್ರಮ್ಮು ಡಬ್ಬದ ಹಾಗೆ ಕೇಳುತ್ತದೆ. ನನ್ನ ಮಟ್ಟಿಗೆ ಅದರಿಂದ ಏನೂ ಕೆಟ್ಟಿಲ್ಲ. ನಿಧಾನದ ಜಾಗಗಳಲ್ಲಿ ಗಿಟಾರು ಎಳೆಯುವ ಎಳೆತಕ್ಕೆ ಇವತ್ತಿನ ಒಪ್ಪ ಮಾಡಿದ ರೆಕಾರ್ಡುಗಳು ಸಮವಿಲ್ಲ. ಆ ವಯಸ್ಸಿಗೆ, ಆ ಊರಿನಲ್ಲಿ, ಕೇಳಲು ಮುಂದೆ ಐವತ್ತು ಜನ ಇಲ್ಲದಾಗಲೂ ಅವರು ಹಾಗೆ ನುಡಿಸಿದರು.

ಬೆಂಗಳೂರಿನಲ್ಲಿ ಇನ್ನೊಂದು ಡೂಮ್ ತಂಡವಿದೆ, ಹೆಸರು ಬೇವರ್ ಸೀ. 2012ರಲ್ಲಿ ಮೊದಲ ಆಲ್ಬಂ ತಂದರು. ಇಂಗ್ಲಿಷಿನಲ್ಲಿ ಬರೆದರೆ ಯಾವುದೋ ಸಮುದ್ರದ ಹೆಸರಿನಂತೆ ಕಾಣುತ್ತದೆ. ಒಂದೇ ಉಸಿರಿನಲ್ಲಿ ಓದಿ ನೋಡಿ, ಅಪ್ಪಟ ಬೆಂಗಳೂರು ಬೈಗುಳ. ಪರದೇಶದ ಕೇಳುಗರು ಗಂಭೀರವಾಗಿ ಆ ಹೆಸರು ಹೇಳುವಾಗ ನಮ್ಮವರು ಒಳಗೊಳಗೇ ನಗುತ್ತಾರೆ. ಆದರೆ ಬೇವಾರ್ಸಿ ಪದದ ಮೂಲ ಬೈಗುಳವಲ್ಲ. ಪಾರಸಿಯಲ್ಲಿ 'ಬೇ ವಾರಿಸ್' ಎಂದರೆ ವಾರಸುದಾರರಿಲ್ಲದ್ದು. ಸಂತೆಯಲ್ಲಿ ಹಗ್ಗ ಕಿತ್ತುಕೊಂಡು ನಿಂತ ಕರು, ದಾರಿಯಲ್ಲಿ ಬಿದ್ದ ಗಂಟು, ಕೇಳುವವರಿಲ್ಲದ ಹೆಣ, ಎಲ್ಲವೂ ಸರ್ಕಾರಿ ಕಾಗದದಲ್ಲಿ ಬೇವಾರಸು. ಮುಳಬಾಗಿಲಿನ ತಾಲ್ಲೂಕು ಕಚೇರಿಯಲ್ಲಿ ವಂಶವೃಕ್ಷದ ಅರ್ಜಿ ಹಿಡಿದು ಅಲೆದವರಿಗೆ ವಾರಸುದಾರಿಕೆ ಎಂದರೆ ಏನೆಂದು ಚೆನ್ನಾಗಿ ಗೊತ್ತು.

ಒಡೆದ ತಂಡದ ರೆಕಾರ್ಡು ಅಂಥದೇ ಬೇವಾರಸು ಆಸ್ತಿ. ತಂಡವಿದ್ದಾಗ ನುಡಿಸಿದವರದು. ಆಮೇಲೆ? ಒಬ್ಬ ಕ್ಯಾನ್ಸಾಸ್‌ನಲ್ಲಿ, ಒಬ್ಬ ಕೋರಮಂಗಲದಲ್ಲಿ, ಮೂಲ ಟೇಪು ಯಾರ ಮನೆಯ ಕಪಾಟಿನಲ್ಲಿದೆಯೋ ಅವರವರಿಗೇ ಗೊತ್ತಿಲ್ಲ. ಡೈಯಿಂಗ್ ಎಂಬ್ರೇಸ್ ಪುಣ್ಯವಂತರು, ತಾವೇ ತಿರುಗಿ ಬಂದು ತಮ್ಮ ಗಂಟಿಗೆ ತಾವೇ ವಾರಸುದಾರರಾದರು. ತೊಂಬತ್ತರ ದಶಕದಲ್ಲಿ ಒಂದು ಡೆಮೊ ಮಾಡಿ ಕಣ್ಮರೆಯಾದ ಕಾಲೇಜು ತಂಡಗಳ ಹೆಸರು ಹೇಳುವವರೂ ಇಲ್ಲ.

ತಮಟೆಯ ಕಡೆ ನೋಡಿದರೆ ಡೆಮೊ ಕೂಡ ಇಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ತಾಲ್ಲೂಕು 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು, ಹಾಗಾಗಿ ನಮ್ಮವರು ಅನ್ನಲು ನನಗೆ ಸಂಕೋಚವಿಲ್ಲ. ಅವರೊಬ್ಬರು ದೆಹಲಿಯ ಕಣ್ಣಿಗೆ ಬಿದ್ದರು. ಅವರ ಹಾಗೆಯೇ ಬಡಿಯುತ್ತಿದ್ದ ಎಷ್ಟು ಜೊತೆ ಕೈಗಳು ಒಂದು ನಿಮಿಷದ ರೆಕಾರ್ಡೂ ಇಲ್ಲದೆ ಮಣ್ಣಿಗೆ ಹೋದವು! ಹಳ್ಳಿಗೊಂದು ಮಟ್ಟು ಇತ್ತು. ಈಗ ಜಾತ್ರೆಗೆ ಡಿ.ಜೆ. ಬಂದಿದೆ, ಹೆಣಕ್ಕೆ ಪಟ್ಟಣದ ಬ್ಯಾಂಡ್ ಸೆಟ್ಟು. ಬಿಟ್ಟಿ ಚಾಕರಿ ಹೋದದ್ದು ಸರಿಯೇ, ಹೋಗಲೇಬೇಕಿತ್ತು. ಮಟ್ಟು ಉಳಿಯಬೇಕಿತ್ತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ ಕೈಬರಹದ ಲೇಬಲ್ಲಿನ ಕ್ಯಾಸೆಟ್ಟು ಇದ್ದರೆ ಗುಜರಿಯವನಿಗೆ ಹಾಕಬೇಡಿ. ಅಣ್ಣನ ಕಾಲೇಜು ತಂಡದ್ದಿರಬಹುದು, ಕರಗದ ರಾತ್ರಿ ಯಾರೋ ಹಿಡಿದ ತಮಟೆ ಇರಬಹುದು, ಅಜ್ಜಿಯ ಸೋಬಾನೆ ಇರಬಹುದು. ಬೂಸ್ಟು ಹಿಡಿದಿದ್ದರೆ ಮೊದಲು ಹಾಕಬೇಡಿ, ಬಲ್ಲವರಿಗೆ ತೋರಿಸಿ. ಚೆನ್ನಾಗಿದ್ದರೆ ಪೆನ್ಸಿಲ್ಲಿನಿಂದ ಒಂದೆರಡು ಸುತ್ತು ತಿರುಗಿಸಿ ಬಿಗಿ ಮಾಡಿ, ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವಯರು ಎಳೆದರೆ ಸಾಕು. ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಗೊತ್ತಿರುವವರು ಬದುಕಿರುವಾಗಲೇ ಕೇಳಿ ಬರೆದಿಡಿ. ಟೇಪಿನ ಕಂದು ಪುಡಿ ಒಮ್ಮೆ ಉದುರಲು ಶುರುವಾದರೆ ಯಾರಿಂದಲೂ ಹಿಂದಕ್ಕೆ ಅಂಟಿಸಲು ಆಗುವುದಿಲ್ಲ.

ನನ್ನದನ್ನು ಹೋದ ತಿಂಗಳು ಇಳಿಸಿಕೊಂಡೆ. ಹಾಡು ಮುಗಿದ ಮೇಲಿನದನ್ನು ಕತ್ತರಿಸಲಿಲ್ಲ. ಅಮ್ಮ ಈಗ ಮೊಬೈಲಿನಲ್ಲಿ ಅಷ್ಟು ದೂರ ಜರುಗಿಸಿಕೊಂಡು ಸ್ಮಶಾನದ ಭಾಗದಿಂದ ಹರಿಕಥೆ ಕೇಳುತ್ತಾರೆ.